ಸ್ಪಷ್ಟನೆ: ಕಬಡ್ಡಿ 2014ರಲ್ಲಿ ಹುಟ್ಟಿದ್ದಲ್ಲ

‘ಸತ್ತೇ ಹೋಗಿದ್ದ ಕಬಡ್ಡಿಗೆ ಪ್ರೊ ಕಬಡ್ಡಿ ಜೀವ ಕೊಟ್ಟಿತು’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಮತ್ತೆ ಓಡಾಡುತ್ತಿದೆ. ಪ್ರೊ ಕಬಡ್ಡಿ ಎಂದರೆ 2014ರಲ್ಲಿ ಶುರುವಾದ, ಟಿವಿಯಲ್ಲಿ ಬರುವ ಲೀಗ್ ಪಂದ್ಯಾವಳಿ. ಆ ಸಂದೇಶ ಅರ್ಧ ನಿಜ, ಅರ್ಧ ಉತ್ಪ್ರೇಕ್ಷೆ.

1990ರ ಬೀಜಿಂಗ್ ಏಷ್ಯನ್ ಗೇಮ್ಸ್‌ನಿಂದಲೇ ಕಬಡ್ಡಿ ಪದಕದ ಆಟ. ಅಲ್ಲಿಂದ 2014ರವರೆಗೆ ಪುರುಷರ ಚಿನ್ನ ಒಮ್ಮೆಯೂ ಭಾರತದ ಕೈತಪ್ಪಲಿಲ್ಲ. 2004ರಲ್ಲಿ ಮುಂಬೈಯಲ್ಲಿ ವಿಶ್ವಕಪ್ಪೂ ಆಯಿತು. ಮಹಿಳೆಯರ ಕಬಡ್ಡಿ 2010ರಲ್ಲಿ ಏಷ್ಯನ್ ಗೇಮ್ಸ್ ಸೇರಿತು. ಮೊದಲ ಚಿನ್ನ ಗೆದ್ದ ತಂಡದಲ್ಲಿ ನಮ್ಮ ಕರ್ನಾಟಕದ ಮಮತಾ ಪೂಜಾರಿ ಇದ್ದರು. ಇನ್ನು ಕರಾವಳಿಯವರನ್ನು ಕೇಳಿ: ಗದ್ದೆ ಕೊಯ್ಲಾದ ಮೇಲೆ ಟ್ಯೂಬ್‌ಲೈಟ್ ಕಟ್ಟಿ, ಬೆಳಗಿನ ಜಾವದವರೆಗೆ ನಡೆಯುವ ಹೊನಲು ಬೆಳಕಿನ ಪಂದ್ಯಾವಳಿ ಅವರಿಗೇನು ಟಿವಿ ಕಲಿಸಿಕೊಟ್ಟದ್ದೇ?

ಹಾಗಾದರೆ 2014ರ ಜುಲೈನಲ್ಲಿ ಪ್ರೊ ಕಬಡ್ಡಿ ಬಂದಾಗ ಬದಲಾದದ್ದೇನು? ನೋಡುವ ರೀತಿ. ಮೂವತ್ತು ಸೆಕೆಂಡಿನ ರೇಡ್ (ಎದುರಾಳಿ ಅಂಗಳಕ್ಕೆ ನುಗ್ಗುವುದು), ತಂಡದ ಸತತ ಎರಡು ರೇಡ್ ಅಂಕವಿಲ್ಲದೆ ಖಾಲಿ ಹೋದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲವೇ ನುಗ್ಗಿದವ ಔಟು. ಇಂಥ ನಿಯಮಗಳಿಂದ ಕಾಲಹರಣ ತಗ್ಗಿತು. ಸಂಜೆ ಊಟದ ಹೊತ್ತಿಗೆ ಮನೆಮಂದಿಯೆಲ್ಲ ಕೂತು ನೋಡುವಂತಾಯಿತು. ಆಟಗಾರರಿಗೆ ದುಡ್ಡೂ ಹೆಸರೂ ಬಂತು, ಅದನ್ನು ಅಲ್ಲಗಳೆಯುವುದಿಲ್ಲ.

ಆದರೆ ನೋಡುವವರು ಹೆಚ್ಚಿದ ಮಾತ್ರಕ್ಕೆ ಆಡುವವರೂ ಅಷ್ಟೇ ಹೆಚ್ಚಿದರು ಎನ್ನಲಾಗದು. ‘ಸತ್ತುಹೋಗಿತ್ತು’ ಎಂದು ಬರೆದವರು ಬಹುಶಃ ತಮ್ಮ ಬಡಾವಣೆಯ ಮೈದಾನವನ್ನಷ್ಟೇ ನೋಡಿದ್ದರು.