ಹಾಲಿನವನು ಮತ್ತು ಬಾಟಲಿ ನಗು

ನಾನು ಒಮ್ಮೆಯೂ ನೋಡದ ಒಬ್ಬ ಮನುಷ್ಯನನ್ನು ನೆನೆದು ನನಗೆ ಇತ್ತೀಚೆಗೆ ಸುಮ್ನೆ ಬೇಜಾರಾಗುತ್ತದೆ. ಅವನು ಅಮೆರಿಕದ ಹಾಲಿನವನು.

ಅವನ ಸುದ್ದಿ ಕಿವಿಗೆ ಬಿದ್ದದ್ದು ‘ಫುಲ್ ಹೌಸ್’ ಎಂಬ ಹಾಸ್ಯ ಧಾರಾವಾಹಿಯಿಂದ. 1987ರಿಂದ 1995ರವರೆಗೆ ಅಲ್ಲಿನ ಟಿವಿಯಲ್ಲಿ ಬಂದದ್ದು. ಸ್ಯಾನ್ ಫ್ರಾನ್ಸಿಸ್ಕೋದ ಒಂದು ಮನೆ. ಹೆಂಡತಿಯನ್ನು ಕಳೆದುಕೊಂಡ ಅಪ್ಪ, ಮೂರು ಹೆಣ್ಣುಮಕ್ಕಳು. ಅವರನ್ನು ಸಾಕಲು ಬಂದು ಅಲ್ಲೇ ಉಳಿದುಬಿಟ್ಟ ಒಬ್ಬ ಸೋದರಮಾವ, ಒಬ್ಬ ಗೆಳೆಯ. ಶುರುವಿನಲ್ಲಿ ಬರುವ ಹಾಡಿನಲ್ಲಿ ಒಂದು ಕೊರಗಿದೆ. ಹಾಲಿನವನು, ಪೇಪರ್ ಹುಡುಗ, ಸಂಜೆಯ ಟಿವಿ ಎಲ್ಲ ಎಲ್ಲಿ ಹೋದವು ಅಂತ. ರಾಗ ಕುಣಿಸುತ್ತದೆ, ಮಾತು ಮಾತ್ರ ಕಳೆದುಹೋದದ್ದನ್ನು ಹುಡುಕುತ್ತದೆ.

ತಮಾಷೆ ಎಂದರೆ, ಆ ಹಾಡು ಬರುವ ಹೊತ್ತಿಗೆ ಹಾಲಿನವನು ಹೋಗಿ ಎಷ್ಟೋ ವರ್ಷವಾಗಿತ್ತು. ಅಮೆರಿಕದ ಕೃಷಿ ಇಲಾಖೆಯ ಲೆಕ್ಕ ನೋಡಿ. 1963ರಲ್ಲಿ ಹಾಲು ಕೊಳ್ಳುವವರಲ್ಲಿ ನೂರಕ್ಕೆ ಸುಮಾರು 30 ಮಂದಿಗೆ ಮನೆ ಬಾಗಿಲಿಗೇ ಹಾಲು ಬರುತ್ತಿತ್ತು. 1975ಕ್ಕೆ ಅದು 7ಕ್ಕೆ ಇಳಿಯಿತು. 2005ಕ್ಕೆ ನೂರಕ್ಕೆ ಅರ್ಧ ಮನುಷ್ಯನೂ ಇಲ್ಲ! ಅಂದರೆ ಆ ಮನೆಯ ಮೂರು ಹೆಣ್ಣುಮಕ್ಕಳು ಹಾಲಿನವನ ಮುಖ ನೋಡಿರುವುದೇ ಅನುಮಾನ. ಅವರೇ ಕಾಣದವನಿಗಾಗಿ ನಾನು ಇಲ್ಲಿ ಕೂತು ಹಲುಬುತ್ತಿದ್ದೇನೆ. ಸಾಲ ತಂದವರ ಹತ್ತಿರ ಸಾಲ ಕೇಳಿದ ಹಾಗೆ.

ಇನ್ನೊಂದು ವಿಷಯ. ಹಾಲಿನವನು ಎಲ್ಲಿ ಹೋದ ಅಂತ ಕೇಳುವ ಮನೆಯಲ್ಲೇ ಅವನನ್ನು ಓಡಿಸಿದವನು ನಿಂತಿದ್ದಾನೆ. ಅಡುಗೆಮನೆಯ ಮೂಲೆಯಲ್ಲಿ, ತಣ್ಣಗೆ. ಇಂಥ ಧಾರಾವಾಹಿಗಳಲ್ಲಿ ಗಮನಿಸಿ. ಯಾರಿಗೆ ದುಃಖವಾದರೂ, ಹಸಿವಾದರೂ, ಹೇಳಲು ಮಾತು ತೋಚದಿದ್ದರೂ ಸೀದಾ ಹೋಗಿ ಫ್ರಿಜ್ ಬಾಗಿಲು ತೆಗೆಯುತ್ತಾರೆ. ಫ್ರಿಜ್ ಇಲ್ಲದ ಕಾಲದಲ್ಲಿ ಹಾಲು ಕೆಡುತ್ತಿತ್ತು, ಅದಕ್ಕೇ ಅವನು ದಿನಾ ಬೆಳಗಾಗುವ ಮೊದಲೇ ಬರಬೇಕಿತ್ತು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲು, ಟೈರು ಉಳಿಸಬೇಕು ಅಂತ ದಿನ ಬಿಟ್ಟು ದಿನ ಬರತೊಡಗಿದ. ಒಂದು ದಿನ ಬಿಟ್ಟರೂ ನಡೆಯುತ್ತದೆ ಅಂತ ಗೊತ್ತಾದ ಮೇಲೆ ಕೇಳಬೇಕೇ? ಆಮೇಲೆ ಮನೆಮನೆಗೂ ಕಾರು, ದೊಡ್ಡ ದೊಡ್ಡ ಸೂಪರ್‌ಮಾರ್ಕೆಟ್ಟು, ಮೇಣ ಹಚ್ಚಿದ ರಟ್ಟಿನ ಡಬ್ಬಿ, 1964ರಲ್ಲಿ ಪ್ಲಾಸ್ಟಿಕ್ ಕ್ಯಾನು. ಮುಗಿಯಿತು.

ನನಗೆ ಅವನಿಗಿಂತ ಜಾಸ್ತಿ ಇಷ್ಟವಾದದ್ದು ಮೋಟಾರು ಬರುವ ಮೊದಲು ಅವನ ಗಾಡಿ ಎಳೆಯುತ್ತಿದ್ದ ಕುದುರೆ. ಅದಕ್ಕೆ ಬೀದಿ ಬಾಯಿಪಾಠ. ಅವನು ಬಾಟಲಿ ಹಿಡಿದು ಒಂದು ಮನೆಯ ಮೆಟ್ಟಿಲು ಹತ್ತಿದರೆ, ಇದು ತಾನಾಗಿ ನಡೆದು ಮುಂದಿನ ಮನೆಯ ಎದುರು ಹೋಗಿ ನಿಲ್ಲುತ್ತಿತ್ತು. ಮೋಟಾರು ಗಾಡಿಗೆ ಆ ಬುದ್ಧಿ ಎಲ್ಲಿಂದ ಬರಬೇಕು? ಅದಕ್ಕೇ ಡೆಟ್ರಾಯಿಟ್‌ನಲ್ಲಿ ಡಿವ್ಕೋ ಕಂಪನಿಯವರು ನಿಂತುಕೊಂಡೇ ಓಡಿಸುವ ಗಾಡಿ ಮಾಡಿದರು. ಮನೆಗೊಂದು ಸಲ ಕೂರುವುದು ಏಳುವುದು ತಪ್ಪಲಿ ಅಂತ. ಕುದುರೆ ಹೋದ ಮೇಲೆ ಮನುಷ್ಯನಿಗೆ ಕೂರುವ ಯೋಗವೂ ಹೋಯಿತು ನೋಡಿ.

ಈಗ ಧಾರಾವಾಹಿಯ ಕಡೆ ಬರೋಣ. ಹಾಲಿನವನ ಕಾಲದ್ದೇ ಒಂದು, ‘ಲೀವ್ ಇಟ್ ಟು ಬೀವರ್’. ಶುರುವಾದದ್ದು 1957ರ ಅಕ್ಟೋಬರ್ 4ರಂದು. ರಷ್ಯದವರು ಸ್ಪುಟ್ನಿಕ್ ಉಪಗ್ರಹ ಹಾರಿಸಿದ್ದೂ ಅದೇ ದಿನ. ಜಗತ್ತೆಲ್ಲ ತಲೆಯೆತ್ತಿ ಆಕಾಶ ನೋಡುತ್ತಿದ್ದಾಗ ಈ ಮನೆಯಲ್ಲಿ ಒಬ್ಬ ಪುಟ್ಟ ಹುಡುಗನ ಶಾಲೆಯ ಗೋಳೇ ದೊಡ್ಡ ಸಮಸ್ಯೆ. ಅವನಮ್ಮ ಮುತ್ತಿನ ಹಾರ, ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡೇ ಮನೆಗೆಲಸ ಮಾಡುತ್ತಾಳೆ. ಅಂಥ ತಾಯಿ ಎಲ್ಲಿದ್ದಳು ಅಂತ ಜನ ಇವತ್ತಿಗೂ ನಗುತ್ತಾರೆ. ಆ ಪಾತ್ರ ಮಾಡಿದ ಬಾರ್ಬರಾ ಬಿಲ್ಲಿಂಗ್ಸ್ಲಿ ಆಮೇಲೆ ಕಾರಣ ಹೇಳಿದ್ದರು. ಅವರ ಕತ್ತಿನ ಬುಡದಲ್ಲಿ ಒಂದು ಗುಳಿಯಿತ್ತು, ದೀಪದ ಬೆಳಕಿಗೆ ಅಲ್ಲಿ ನೆರಳು ಬೀಳುತ್ತಿತ್ತು. ಅದನ್ನು ಮುಚ್ಚಲು ಮುತ್ತು. ಚಪ್ಪಲಿ ಯಾಕೆಂದರೆ ಮಕ್ಕಳ ಪಾತ್ರದ ಹುಡುಗರು ಎತ್ತರ ಬೆಳೆಯುತ್ತಿದ್ದರು, ಅಮ್ಮ ಗಿಡ್ಡ ಕಾಣಬಾರದಲ್ವಾ!

ಅದೇ ಧಾರಾವಾಹಿಯ ಒಂದು ಕಂತಿನಲ್ಲಿ ಹುಡುಗರು ಅಂಚೆಯಲ್ಲಿ ಮೊಸಳೆ ಮರಿ ತರಿಸಿ, ಟಾಯ್ಲೆಟ್ಟಿನ ಟ್ಯಾಂಕಿನೊಳಗೆ ಬಚ್ಚಿಡುತ್ತಾರೆ. ಟಿವಿಯವರಿಗೆ ಮೊಸಳೆಯ ಭಯವಿರಲಿಲ್ಲ, ಟಾಯ್ಲೆಟ್ ತೋರಿಸುವುದರ ಭಯ. ಕೊನೆಗೆ ಟ್ಯಾಂಕ್ ಮಾತ್ರ ತೋರಿಸಬಹುದು ಅಂತ ರಾಜಿಯಾಯಿತು. ‘ಐ ಲವ್ ಲೂಸಿ’ ಎಂಬ ಇನ್ನೊಂದು ಧಾರಾವಾಹಿಯಲ್ಲಿ ಲೂಸಿ ಒಂಬತ್ತು ತಿಂಗಳು ತುಂಬಿ ನಿಂತರೂ ‘ಬಸಿರು’ ಎಂಬರ್ಥದ ನೇರ ಮಾತು ಆಡುವಂತಿರಲಿಲ್ಲ. ಟಾಯ್ಲೆಟ್ ಇಲ್ಲದ, ಬಸಿರಿಗೆ ಹೆಸರಿಲ್ಲದ ಇಂಥ ಮನೆಗೆ ವಾಪಸು ಹೋಗಬೇಕು ಅಂತ ನಾವು ಹಂಬಲಿಸುವುದು.

ಹೋಗಲಿ, ಇಂಥ ಧಾರಾವಾಹಿಗಳಲ್ಲಿ ಪ್ರತಿ ತಮಾಷೆಗೂ ಹಿಂದಿನಿಂದ ಕೇಳಿಬರುವ ಜನರ ನಗುವಾದರೂ ನಿಜವೇ? ಸಿಬಿಎಸ್ ಎಂಬ ಅಲ್ಲಿನ ಟಿವಿ ಕಂಪನಿಯಲ್ಲಿ ಧ್ವನಿ ತಂತ್ರಜ್ಞನಾಗಿದ್ದ ಚಾರ್ಲಿ ಡಗ್ಲಸ್ ಒಂದು ಪೆಟ್ಟಿಗೆ ಮಾಡಿದ್ದ. ಗುಂಡಿ ಒತ್ತಿದರೆ ಕಿಸಕ್ಕನೆ ನಗು, ಇನ್ನೊಂದು ಒತ್ತಿದರೆ ಹೊಟ್ಟೆ ಹುಣ್ಣಾಗುವಂಥ ನಗು. ಯಾವುದೋ ಕಾರ್ಯಕ್ರಮಕ್ಕೆ ಯಾರೋ ನಕ್ಕದ್ದನ್ನು ಹಿಡಿದಿಟ್ಟು ಎಷ್ಟೋ ಧಾರಾವಾಹಿಗಳಿಗೆ ಹಂಚುತ್ತಿದ್ದ. ಇದನ್ನು ಓದಿದಾಗ ನನಗೆ ಥಟ್ಟನೆ ಹಾಲಿನ ಬಾಟಲಿ ನೆನಪಾಯಿತು. ಗಾಜಿನ ಬಾಟಲಿ ಖಾಲಿಯಾದರೆ ತೊಳೆದು ಹೊಸ್ತಿಲಲ್ಲಿಡಬೇಕು. ಬೇಕಿದ್ದರೆ ಒಳಗೊಂದು ಚೀಟಿ, ನಾಳೆ ಎರಡು ಜಾಸ್ತಿ ಅಂತ. ಅದೇ ಬಾಟಲಿ ಮತ್ತೆ ತುಂಬಿಕೊಂಡು ಬೇರೆ ಯಾರದೋ ಮನೆಗೆ ಹೋಗುತ್ತಿತ್ತು. ನಗುವೂ ಹಾಗೇ ಮನೆ ಬದಲಿಸುತ್ತಿತ್ತು. ತಾಜಾ ಅಂತ ನಂಬಿ ನಾವೂ ಜತೆಗೆ ನಗುತ್ತಿದ್ದೆವು.

ಈಗ ಧಾರಾವಾಹಿಗಳೂ ಫ್ರಿಜ್ಜಿಗೆ ಸೇರಿವೆ. ಬೇಕಾದಾಗ ತೆಗೆದು ನೋಡಬಹುದು. ‘ಫುಲ್ ಹೌಸ್’ನ 192 ಕಂತುಗಳೂ ಇದ್ದಲ್ಲೇ ಇರುತ್ತವೆ ಎನ್ನುವ ಧೈರ್ಯಕ್ಕೇ ನಾನು ಹತ್ತು ಕಂತನ್ನೂ ದಾಟಿಲ್ಲ.

ಅಲ್ಲಿನ ಹಳೇ ಮನೆಗಳ ಗೋಡೆಯಲ್ಲಿ ಈಗಲೂ ಒಂದು ಪುಟ್ಟ ಕಿಂಡಿ ಇರುತ್ತದೆ. ಹೊರಗೊಂದು ಬಾಗಿಲು, ಒಳಗೊಂದು ಬಾಗಿಲು. ಹಾಲಿನವನು ಹೊರಗಿಂದ ಇಡುತ್ತಿದ್ದ, ಮನೆಯವರು ಒಳಗಿಂದ ತೆಗೆದುಕೊಳ್ಳುತ್ತಿದ್ದರು. ಬೀಗದಕೈ ಮರೆತ ದಿನ ಮನೆಯ ಅತಿ ಚಿಕ್ಕ ಮಗುವನ್ನು ಆ ಕಿಂಡಿಯಲ್ಲಿ ತೂರಿಸಿ, ಒಳಗಿಂದ ಬಾಗಿಲು ತೆಗೆಸುತ್ತಿದ್ದರಂತೆ. ಮಗು ಅರ್ಧ ಹೊರಗೆ, ಅರ್ಧ ಒಳಗೆ. ಅಪ್ಪ ಕಾಲು ಹಿಡಿದು ತಳ್ಳುತ್ತಿದ್ದಾನೆ. ಅಷ್ಟರಲ್ಲಿ ಹಿಂದಿನಿಂದ ಹಾಲಿನವನು ಬಂದು, “ಸ್ವಾಮಿ, ಇವತ್ತು ಎಲ್ಲಿ ಇಡಲಿ?” ಅಂತ ಕೇಳುತ್ತಾನೆ. ಚಾರ್ಲಿ ಡಗ್ಲಸ್ ಯಾವ ಗುಂಡಿ ಒತ್ತುತ್ತಿದ್ದ ಅಂತ ನನಗೆ ಗೊತ್ತು.