ಅಪ್ಪ ಅಮ್ಮ ಬಂದಾಗ ಶ್ರೂಸ್‌ಬರಿಗೆ ಕರೆದುಕೊಂಡು ಹೋಗಿ

ಬೇಸಿಗೆ ಹತ್ತಿರ ಬಂತೆಂದರೆ ಇಂಗ್ಲೆಂಡಿನ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಪ್ರಶ್ನೆ. "ಅಪ್ಪ ಅಮ್ಮ ಬರ್ತಿದ್ದಾರೆ, ಎಲ್ಲಿಗೆ ಕರ್ಕೊಂಡು ಹೋಗೋದು?" ಉತ್ತರವೂ ಪ್ರತಿ ವರ್ಷ ಅದೇ. ಲಂಡನ್ ಐ, ಸ್ಟೋನ್‌ಹೆಂಜ್, ಲೇಕ್ ಡಿಸ್ಟ್ರಿಕ್ಟ್, ರಜೆ ಇದ್ದರೆ ಸ್ಕಾಟ್ಲೆಂಡ್. ಮಂಡಿನೋವಿರುವ ಇಬ್ಬರನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಗಂಟೆಗಟ್ಟಲೆ ಓಡಿಸುವುದು, ಇಳಿಸಿ ಫೋಟೊ ತೆಗೆಯುವುದು, ಮತ್ತೆ ಗಂಟೆಗಟ್ಟಲೆ ವಾಪಸ್. ಅವರು ಪಾಪ "ಚೆನ್ನಾಗಿತ್ತಪ್ಪ" ಅಂತಾರೆ. ಮನೆಗೆ ಬಂದ ಮೇಲೆ ಅಮೃತಾಂಜನ ಹುಡುಕುತ್ತಾರೆ.

ನನ್ನ ಸಲಹೆ ಬೇರೆ. ಒಂದು ಹಳೇ ಊರು, ಅದರ ಮಗ್ಗುಲಲ್ಲಿ ಹೊಳೆ, ಹೊಳೆ ಪಕ್ಕ ಸಮತಟ್ಟಾದ ದಾರಿ. ಇಷ್ಟು ಸಾಕು. ಇಂಥ ಊರುಗಳು ಇಲ್ಲಿ ಬೇಕಾದಷ್ಟಿವೆ. ಲಡ್ಲೋ ಇದೆ, ಸ್ಟ್ಯಾಮ್‌ಫರ್ಡ್ ಇದೆ, ಬ್ರಾಡ್‌ಫರ್ಡ್ ಆನ್ ಏವನ್ ಇದೆ. ಒಂದೇ ಹೆಸರು ಹೇಳಿ ಅಂದರೆ ಮಾತ್ರ ನಾನು ಶ್ರೂಸ್‌ಬರಿ ಅಂತೀನಿ. ಬರ್ಮಿಂಗ್‌ಹ್ಯಾಮಿನಿಂದ ನೇರ ರೈಲಿದೆ, ಸುಮಾರು ಒಂದು ಗಂಟೆ. ಕಾರು ಬೇಡವೇ ಬೇಡ.

ಈ ಊರಿನ ಗಮ್ಮತ್ತು ಅದು ಕೂತಿರುವ ಜಾಗದಲ್ಲಿದೆ. ವೇಲ್ಸಿನ ಬೆಟ್ಟಗಳಲ್ಲಿ ಹುಟ್ಟುವ ಸೆವರ್ನ್ ನದಿ 354 ಕಿಲೋಮೀಟರ್ ಹರಿಯುತ್ತದೆ. ಬ್ರಿಟನ್ನಿನ ಅತಿ ಉದ್ದದ ನದಿ ಇದೇ. ಶ್ರೂಸ್‌ಬರಿಗೆ ಬಂದಾಗ ಅದು ಒಂದು ಗುಡ್ಡವನ್ನು ಹೆಚ್ಚುಕಡಿಮೆ ಪೂರ್ತಿ ಸುತ್ತು ಹಾಕುತ್ತದೆ. ಹಳೇ ಊರು ಆ ಸುತ್ತಿನ ಒಳಗಿದೆ. ಶ್ರೀರಂಗಪಟ್ಟಣ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಕಾವೇರಿ ಎರಡೂ ಕಡೆ ಹರಿದು ದ್ವೀಪವನ್ನೇ ಮಾಡಿಬಿಟ್ಟಿದ್ದಾಳೆ. ಇಲ್ಲಿ ಒಂದು ಕಡೆ ಕಿರಿದಾದ ನೆಲ ಉಳಿದಿದೆ. ಶತ್ರು ನೀರು ದಾಟದೆ ಬರಬೇಕೆಂದರೆ ಅಲ್ಲಿಂದಲೇ. ಹಾಗಾಗಿ ಕೋಟೆಯನ್ನೂ ಅಲ್ಲೇ ಕಟ್ಟಿದರು. ಈಗ ಅದರ ಪಕ್ಕದಲ್ಲೇ ರೈಲ್ವೆ ನಿಲ್ದಾಣ.

ಈ ಸುತ್ತಿನಿಂದ ಕೋಟೆ ಕಟ್ಟಿದವರಿಗಿಂತ ಜಾಸ್ತಿ ಲಾಭ ಇವತ್ತು ಮಂಡಿನೋವಿನವರಿಗೆ. ಬೇರೆ ಕಡೆ ನದಿ ಪಕ್ಕ ಎರಡು ಮೈಲಿ ಹೋದರೆ ಎರಡು ಮೈಲಿ ವಾಪಸ್ ಬರಲೇಬೇಕು. ನಡುವೆ ಅಮ್ಮನಿಗೆ ಸುಸ್ತಾದರೆ ಏನು ಮಾಡ್ತೀರಿ? ಇಲ್ಲಿ ಆ ತಲೆನೋವಿಲ್ಲ. ಸುತ್ತಿನ ಯಾವ ಕಡೆ ಇದ್ದರೂ ಊರು ಪಕ್ಕದಲ್ಲೇ ಇರುತ್ತದೆ. ಯಾವುದಾದರೂ ಓಣಿ ಹಿಡಿದು ನಿಧಾನಕ್ಕೆ ಏರು ಹತ್ತಿದರೆ ಪೇಟೆ, ಟೀ ಅಂಗಡಿ, ಶೌಚಾಲಯ ಎಲ್ಲ ಸಿಗುತ್ತದೆ. ಅರ್ಧ ದಾರಿಗೇ ನಡಿಗೆ ನಿಲ್ಲಿಸಿದರೂ ಸೋತ ಹಾಗೆ ಅನ್ನಿಸುವುದಿಲ್ಲ.

ವೆಲ್ಷ್ ಬ್ರಿಜ್ ಹತ್ತಿರ ಶುರು ಮಾಡಿ. 1795ರ ಕಲ್ಲು ಸೇತುವೆ. ಆ ಕಡೆ ಹೋದರೆ ವೇಲ್ಸ್ ದಾರಿ, ಊರಿನ ಇನ್ನೊಂದು ತುದಿಯ ಇಂಗ್ಲಿಷ್ ಬ್ರಿಜ್ ದಾಟಿದರೆ ಇಂಗ್ಲೆಂಡಿನ ದಾರಿ. ಎರಡರ ನಡುವೆ ದಂಡೆಯುದ್ದಕ್ಕೂ ಅಗಲವಾದ ಟಾರು ದಾರಿ. ಮೊದಲು ಸಿಗುವುದು ಕ್ವಾರಿ ಪಾರ್ಕ್. ಹೆಸರೇ ಹೇಳುವಂತೆ ಒಂದು ಕಾಲದಲ್ಲಿ ಇಲ್ಲಿ ಕಲ್ಲು ತೆಗೆಯುತ್ತಿದ್ದರು. ಆ ಹಳೇ ಗುಂಡಿಯೊಳಗೇ ಈಗ ಡಿಂಗಲ್ ಎಂಬ ಹೂದೋಟವಿದೆ. ಟಿವಿಯಲ್ಲಿ ತೋಟಗಾರಿಕೆ ಹೇಳಿಕೊಟ್ಟು ಇಡೀ ದೇಶಕ್ಕೆ ಪರಿಚಿತರಾದ ಪರ್ಸಿ ಥ್ರೋವರ್ 1946ರಿಂದ 1974ರವರೆಗೆ ಈ ಊರಿನ ಪಾರ್ಕುಗಳನ್ನು ನೋಡಿಕೊಂಡವರು. ಸಂಜೆ ಲಾಲ್‌ಬಾಗಿನಲ್ಲಿ ಸುತ್ತು ಹಾಕುವ ಅಪ್ಪಂದಿರಿಗೆ ಇದು ಹೇಳಿ ಮಾಡಿಸಿದ ಜಾಗ.

ಡಿಂಗಲ್ ಒಳಗೆ ಸಬ್ರಿನಾ ಎಂಬವಳ ಕಲ್ಲಿನ ಮೂರ್ತಿ ಇದೆ. ಸೆವರ್ನ್ ನದಿಯಲ್ಲಿ ಮುಳುಗಿ ನದಿಯ ದೇವಿಯಾದವಳು ಅಂತ ಕಥೆ. ನಮ್ಮಮ್ಮ ಸುತ್ತ ಒಂದು ಪ್ರದಕ್ಷಿಣೆ ಬಂದು ಕೇಳಿದ್ದು, "ನದಿ ದೇವಿ ಅಂತೀಯ, ಇವಳಿಗೆ ಒಂದು ಹೂವೂ ಏರಿಸಲ್ವಾ?" ಸುತ್ತಲೂ ಪಾತಿ ತುಂಬ ಹೂವಿತ್ತು. ಅದನ್ನು ತೋರಿಸಿದೆ. ಅಮ್ಮನಿಗೆ ಒಪ್ಪಿಗೆ ಆಗಲಿಲ್ಲ.

ಹೊಳೆ ಕಂಡರೆ ಬಗ್ಗಿ ನೀರು ಮುಟ್ಟಿ ತಲೆಗೆ ಪ್ರೋಕ್ಷಣೆ ಮಾಡಿಕೊಳ್ಳೋದು ನಮ್ಮವರ ಅಭ್ಯಾಸ. ಸೆವರ್ನ್‌ನಲ್ಲಿ ಅದು ಬೇಡ ಅಂತ ಮೊದಲೇ ಹೇಳಿಡಿ. 2024ರಲ್ಲಿ ಇಲ್ಲಿಯ ಒಂದು ಭಾಗವನ್ನು ಸರ್ಕಾರ ಈಜುವ ಜಾಗ ಅಂತ ಘೋಷಿಸಿತು. ಘೋಷಿಸಿದರೆ ನೀರನ್ನು ಆಗಾಗ ಪರೀಕ್ಷೆ ಮಾಡಲೇಬೇಕು. ಮಾಡಿದರು, 'ಕಳಪೆ' ಅಂತ ಬಂತು. ಇಂಗ್ಲೆಂಡಿನ ಹಳೇ ಊರುಗಳಲ್ಲಿ ಮಳೆನೀರು, ಕಕ್ಕಸಿನ ನೀರು ಎರಡೂ ಒಂದೇ ಕೊಳವೆಯಲ್ಲಿ ಹೋಗುತ್ತವೆ. ಜೋರು ಮಳೆ ಬಂದರೆ ತುಂಬಿ ನದಿಗೆ ಬೀಳುತ್ತದೆ. ದಂಡೆಗೆ ಮಾಡಿದ ಆರೈಕೆಯ ಕಾಲು ಭಾಗ ನೀರಿಗೂ ಮಾಡಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸುತ್ತದೆ.

ದಂಡೆಯ ಆರೈಕೆ ಅಂದೆನಲ್ಲ, ಬೆಂಚು ನೋಡಿ. ನಾಲ್ಕು ಹೆಜ್ಜೆಗೊಂದು. ಎಷ್ಟೋ ಬೆಂಚಿನ ಮೇಲೆ ಪುಟ್ಟ ಹಿತ್ತಾಳೆ ತಗಡು, ಅದರಲ್ಲಿ ತೀರಿಹೋದ ಯಾರದೋ ಹೆಸರು, ಇಸವಿ, 'ಈ ಜಾಗ ಅವರಿಗೆ ತುಂಬ ಇಷ್ಟ' ಎಂಬಂಥ ಒಂದು ಸಾಲು. ಅಪ್ಪ ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಓದಿದರು. ಮನಸ್ಸಲ್ಲೇ ಕಳೆದು ಲೆಕ್ಕ ಹಾಕಿ, "ಎಂಬತ್ತಾರು, ಪರವಾಗಿಲ್ಲ" ಅನ್ನುತ್ತಿದ್ದರು. ಮುಂದಿನದಕ್ಕೆ ಹೋಗಿ, "ಛೆ, ಐವತ್ತೆಂಟಕ್ಕೇ ಹೋಗಿಬಿಟ್ಟಿದ್ದಾನೆ." ಮೇಡಂ ಟುಸಾಡ್ಸ್‌ನಲ್ಲಿ ಅವರನ್ನು ಇಷ್ಟು ಮಗ್ನವಾಗಿ ನಾನು ನೋಡಿರಲಿಲ್ಲ.

ಹೀಗೇ ಹೋದರೆ ಪೋರ್ಟ್‌ಹಿಲ್ ತೂಗುಸೇತುವೆ ಸಿಗುತ್ತದೆ. 1923ರದ್ದು, ನಡೆಯುವವರಿಗೆ ಮಾತ್ರ. ಇದರ ಹೆಚ್ಚಿನ ಖರ್ಚು ಕೊಟ್ಟದ್ದು ಪಾರ್ಕಿನಲ್ಲಿ ಹೂವಿನ ಪ್ರದರ್ಶನ ನಡೆಸುತ್ತಿದ್ದ ತೋಟಗಾರಿಕೆ ಸಂಘ. ಮಧ್ಯದಲ್ಲಿ ನಿಂತರೆ ಕಾಲಡಿ ಸ್ವಲ್ಪ ಕುಲುಕುತ್ತದೆ, ಮಕ್ಕಳು ಬೇಕಂತಲೇ ಕುಣಿಯುತ್ತಾರೆ. ಕೆಳಗೆ ಉದ್ದನೆಯ ದೋಣಿಗಳಲ್ಲಿ ಹುಟ್ಟು ಹಾಕುವ ಹುಡುಗರು ಸಿಕ್ಕರೆ ಸಿಗಬಹುದು. ಆಮೇಲೆ ಮತ್ತೆರಡು ಸೇತುವೆ ಕಳೆದು ಇಂಗ್ಲಿಷ್ ಬ್ರಿಜ್. ದಾಟಿದರೆ 1083ರಲ್ಲಿ ಶುರುವಾದ ಅಬ್ಬಿ, ಅಂದರೆ ಕ್ರೈಸ್ತ ಸನ್ಯಾಸಿಗಳ ಹಳೇ ಮಠ. ದಾಟದೆ ದಂಡೆಯಲ್ಲೇ ಮುಂದೆ ಹೋದರೆ ರೈಲ್ವೆ ನಿಲ್ದಾಣದ ಅಡಿಯಿಂದಲೇ ನುಸುಳಬೇಕು. ಪ್ಲಾಟ್‌ಫಾರಂ ನದಿಯ ಮೇಲಕ್ಕೆ ಚಾಚಿಕೊಂಡಿದೆ! ಇನ್ನೂ ಸ್ವಲ್ಪ ಮುಂದೆ ಒಡ್ಡು. ಶರತ್ಕಾಲದಲ್ಲಿ ಸಾಲ್ಮನ್ ಮೀನುಗಳು ಪ್ರವಾಹಕ್ಕೆ ಎದುರಾಗಿ ಅದನ್ನು ಹಾರುತ್ತವೆ.

ಊರು ದಾಟಿದ ಮೇಲೆ ಟಾರು ಮುಗಿದು ಹೊಲದ ದಾರಿ ಬರುತ್ತದೆ. ಕಂಬದ ಮೇಲೆ ಹಳದಿ ಬಾಣ ಕಂಡರೆ ಅದು ಸಾರ್ವಜನಿಕರ ಕಾಲುದಾರಿ. ಹೊಲ ಯಾರದೇ ಇರಲಿ, ನಡೆಯುವ ಹಕ್ಕು ನಿಮ್ಮದು, ಮಾಲೀಕ ತಡೆಯೋ ಹಾಗಿಲ್ಲ. 1949ರ ಕಾನೂನಿನ ಪ್ರಕಾರ ಇಂಥ ದಾರಿಗಳನ್ನೆಲ್ಲ ಕೌಂಟಿಗಳು ನಕ್ಷೆಯಲ್ಲಿ ಗುರುತಿಸಿಡಬೇಕಾಯಿತು. ಈ ದೇಶದಲ್ಲಿ ನನಗೆ ಹೊಟ್ಟೆಕಿಚ್ಚು ತರಿಸುವ ಸಂಗತಿ ಯಾವುದು ಅಂತ ಕೇಳಿದರೆ ಅರಮನೆಗಳಿಗಿಂತ ಮೊದಲು ಈ ಹಳದಿ ಬಾಣವನ್ನೇ ಹೇಳುತ್ತೇನೆ.

ಪೇಟೆಗೆ ಹತ್ತಿದರೆ ಚೌಕದಲ್ಲಿ ಒಬ್ಬ ನಿಂತಿದ್ದಾನೆ. ರಾಬರ್ಟ್ ಕ್ಲೈವ್. ಪ್ಲಾಸಿ ಯುದ್ಧದ ಕ್ಲೈವನೇ. ಇದೇ ಜಿಲ್ಲೆಯವನು. ಬಂಗಾಳದಲ್ಲಿ ಬಾಚಿಕೊಂಡ ದುಡ್ಡಿನೊಂದಿಗೆ ಬಂದು ಈ ಊರಿನ ಸಂಸದನೂ ಮೇಯರೂ ಆದ. 2020ರಲ್ಲಿ ಪ್ರತಿಮೆ ತೆಗೆಯಬೇಕೆಂದು ಗಲಾಟೆ ಆಯಿತು, ಕೌನ್ಸಿಲ್ ತೆಗೆಯಲಿಲ್ಲ. ನನ್ನ ಮಟ್ಟಿಗೆ ಅದು ಇರಲಿ, ಆದರೆ ಅವನು ಮಾಡಿದ್ದನ್ನು ದೊಡ್ಡ ಅಕ್ಷರದಲ್ಲಿ ಬರೆದಿಡಲಿ. ಇನ್ನೊಂದು ವಿಷಯ ಬೆಂಗಳೂರಿನವರಿಗೆ. ಈ ಪ್ರತಿಮೆ ಮಾಡಿದ ಮರೊಚೆಟ್ಟಿಯೇ ನಮ್ಮ ಮಾರ್ಕ್ ಕಬ್ಬನ್ ಕುದುರೆ ಪ್ರತಿಮೆಯನ್ನೂ ಮಾಡಿದ್ದು. ಅದೂ 2020ರಲ್ಲೇ ಹೈಕೋರ್ಟ್ ಎದುರಿಂದ ಕಬ್ಬನ್ ಪಾರ್ಕ್ ಒಳಕ್ಕೆ ಹೋಯಿತು.

ಕ್ಲೈವನ ಮಗ ಎಡ್ವರ್ಡ್, ಶ್ರೀರಂಗಪಟ್ಟಣ ಬಿದ್ದ 1799ರಲ್ಲಿ ಮದ್ರಾಸಿನ ಗವರ್ನರ್. ಟಿಪ್ಪುವಿನ ಡೇರೆ, ಸಿಂಹಾಸನದ ಮೇಲಿದ್ದ ಒಂದು ಚಿನ್ನದ ಹುಲಿ ತಲೆ ಇವತ್ತಿಗೂ ಆ ಮನೆತನದ ಪೊವಿಸ್ ಕೋಟೆಯಲ್ಲಿವೆ. ವೇಲ್ಸಿನ ವೆಲ್ಷ್‌ಪೂಲ್ ಪಕ್ಕ, ಇದೇ ಸೆವರ್ನ್‌ನ ಮೇಲ್ದಂಡೆಯಲ್ಲಿ. ರೈಲಿನಲ್ಲಿ ಅರ್ಧ ಗಂಟೆ ಅಷ್ಟೇ. ಮೈಸೂರು ಕಡೆಯವರು ಇನ್ನೊಂದು ದಿನ ಇಟ್ಟುಕೊಂಡು ಅದನ್ನೂ ನೋಡಿ. ಅಲ್ಲಿ ಮಾತ್ರ ಹತ್ತೋದು ಇಳಿಯೋದು ಇದೆ.

ಚಳಿಗಾಲದಲ್ಲಿ ಈ ಪ್ಲಾನ್ ಬೇಡ. ನಾಲ್ಕು ಗಂಟೆಗೇ ಕತ್ತಲೆ. ನದಿ ತುಂಬಿದರೆ ನಾನು ಹೇಳಿದ ದಾರಿಯೇ ನೀರಿನೊಳಗಿರುತ್ತದೆ. 2020ರ ಫೆಬ್ರವರಿಯಲ್ಲಿ ಹಾಗೇ ಆಗಿತ್ತು. ಫ್ರಾಂಕ್‌ವೆಲ್ ಎಂಬ ಕೇರಿಯಲ್ಲಿ ನದಿ ಏರುವ ಸುದ್ದಿ ಬಂದೊಡನೆ ಕಂಬ ನೆಟ್ಟು ಅಲ್ಯೂಮಿನಿಯಂ ಹಲಗೆ ಜೋಡಿಸಿ ತಾತ್ಕಾಲಿಕ ಗೋಡೆ ನಿಲ್ಲಿಸುತ್ತಾರೆ, ನೀರು ಇಳಿದ ಮೇಲೆ ಬಿಚ್ಚಿ ಎತ್ತಿಡುತ್ತಾರೆ. ಮೇಯಿಂದ ಸೆಪ್ಟೆಂಬರ್ ಒಳಗೆ ಹೋಗಿ. ಚಪಾತಿ, ಚಿತ್ರಾನ್ನ ಕಟ್ಟಿಕೊಂಡು ಹೋದರೆ ಪಾರ್ಕಿನಲ್ಲಿ ಯಾರೂ ಏನೂ ಅನ್ನಲ್ಲ. ಬಾತುಕೋಳಿಗಳಿಂದ ಮಾತ್ರ ಹುಷಾರು.

ಮತ್ತೆ, ಪುಣೆಯ ಕಯಾನಿ ಬೇಕರಿಯ ಶ್ರೂಸ್‌ಬರಿ ಬಿಸ್ಕೆಟ್ ತಿಂದವರು ಆ ಹೆಸರಿನ ಊರಿನಲ್ಲೂ ಒಂದು ತಿಂದು ನೋಡಬಹುದು. ಅಪ್ಪ ತಿಂದರು, ಟೀ ಕುಡಿದರು, ಪುಣೆಯದ್ದರಲ್ಲಿ ಬೆಣ್ಣೆ ಜಾಸ್ತಿ ಅಂದರು. ನನ್ನ ವೋಟೂ ಪುಣೆಗೇ.