ಬಿಸಿಯಾದ ಲ್ಯಾಪ್‌ಟಾಪ್‌ಗೆ ಫ್ರಿಜ್ ಮದ್ದಲ್ಲ

ಗೇಮ್ ಆಡುವಾಗ ಲ್ಯಾಪ್‌ಟಾಪ್ ಕಾದು ನಿಧಾನವಾದರೆ ಅದನ್ನು ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಡಿ ಎಂಬ ಸಲಹೆ ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಹರಿದಾಡುತ್ತಿರುತ್ತದೆ. ಬಿಸಿಗೆ ತಂಪು ಮದ್ದು ಎಂದು ತೋರುವುದು ಸಹಜವೇ. ಆದರೂ ಈ ಸಲಹೆ ತಪ್ಪು, ಯಂತ್ರಕ್ಕೆ ಅಪಾಯಕಾರಿ ಕೂಡ.

ತಣ್ಣಗಾದ ಲೋಹಕ್ಕೆ ಹೊರಗಿನ ತೇವದ ಗಾಳಿ ತಾಗಿದಾಗ ನೀರು ಹನಿಗಟ್ಟುತ್ತದೆ. ಫ್ರಿಜ್‌ನಲ್ಲಿಟ್ಟ ಸ್ಟೀಲ್ ಲೋಟವೊಂದನ್ನು ತೆಗೆದು ಮೇಜಿನ ಮೇಲಿಟ್ಟು ನೋಡಿ: ಬೆಂಗಳೂರಿನ ಮಳೆಗಾಲದ ಗಾಳಿಯಲ್ಲಿ ಕೆಲವೇ ನಿಮಿಷಗಳಲ್ಲಿ ಅದರ ಮೈಯೆಲ್ಲ ಬೆವರಿರುತ್ತದೆ. ಅಂಥದೇ ಹನಿ ಮದರ್‌ಬೋರ್ಡ್ ಮೇಲೆ ಕೂತರೆ ಶಾರ್ಟ್ ಸರ್ಕ್ಯೂಟ್ ಆಗಬಹುದು.

ಯಂತ್ರ ನಿಧಾನವಾಗುವುದು ತನ್ನನ್ನು ಕಾಪಾಡಿಕೊಳ್ಳುವುದಕ್ಕಾಗಿ. ಉಷ್ಣಾಂಶವು ಮಿತಿಯನ್ನು ಮುಟ್ಟಿದಾಗ (ಹಲವು ಪ್ರೊಸೆಸರ್‌ಗಳಲ್ಲಿ ಇದು 95ರಿಂದ 100 ಡಿಗ್ರಿ ಸೆಲ್ಸಿಯಸ್) ಅದು ತಾನಾಗಿಯೇ ವೇಗವನ್ನು ತಗ್ಗಿಸುತ್ತದೆ. ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು: ಉಷ್ಣಾಂಶ ತೋರಿಸುವ ಉಚಿತ ತಂತ್ರಾಂಶವೊಂದನ್ನು ತೆರೆದಿಟ್ಟು ಇಪ್ಪತ್ತು ನಿಮಿಷ ಆಡಿ, ಡಿಗ್ರಿ ಮಿತಿಗೇರುತ್ತಿದ್ದಂತೆ ಗಿಗಾಹರ್ಟ್ಸ್ (ಪ್ರೊಸೆಸರ್ ವೇಗದ ಅಳತೆ) ಇಳಿಯುತ್ತದೆಯೇ ಎಂದು ಗಮನಿಸಿ. ಇಳಿಯದಿದ್ದರೆ ಕಾರಣ ಬೇರೆಯೇ ಇರಬೇಕು. ಚಾರ್ಜರ್ ಸಿಕ್ಕಿಸದೆ ಆಡುವುದೂ ಅಂಥದ್ದೊಂದು ಕಾರಣ. ಇಳಿದರೆ, ಅಡಿಯಲ್ಲಿ ಗಾಳಿಯಾಡುವಂತೆ ಹಿಂಬದಿಗೆ ಎರಡು ಪುಸ್ತಕ ಕೊಟ್ಟು ಎತ್ತರಿಸಿ ಅಷ್ಟೇ ಹೊತ್ತು ಮತ್ತೆ ಆಡಿ, ಅಂಕಿಗಳನ್ನು ಹೋಲಿಸಿ. ಫಾರ್ವರ್ಡ್ ಆಗಿ ಬರುವ ಯಾವ ಉಪಾಯವನ್ನಾದರೂ ಹೀಗೆ ಮೊದಲು ಮತ್ತು ನಂತರದ ಅಳತೆಯಿಂದಲೇ ತೂಗಬೇಕು.

ಯಂತ್ರ ಅತಿಯಾಗಿ ಕಾಯಲು ಹೆಚ್ಚಿನ ಸಲ ಸಿಗುವ ಕಾರಣ ಧೂಳು. ಸದಾ ಕಟ್ಟಡ ಕಾಮಗಾರಿ ನಡೆಯುವ ಈ ಊರಿನಲ್ಲಿ ಎರಡು ವರ್ಷ ಬಳಸಿದ ಲ್ಯಾಪ್‌ಟಾಪ್ ಬಿಚ್ಚಿದರೆ, ಫ್ಯಾನಿನ ಹಿಂದಿನ, ಬಿಸಿಯನ್ನು ಹೊರಹಾಕುವ ತೆಳು ಲೋಹದ ರೆಕ್ಕೆಗಳ ಮೇಲೆ ಕಂಬಳಿಯಂತೆ ಧೂಳು ಕಟ್ಟಿರುವುದುಂಟು. ಅದನ್ನು ತೆಗೆಸಿ, ಒಣಗಿದ ಥರ್ಮಲ್ ಪೇಸ್ಟ್ (ಪ್ರೊಸೆಸರ್‌ನ ಬಿಸಿಯನ್ನು ಅದರ ಮೇಲಿನ ಲೋಹಕ್ಕೆ ದಾಟಿಸುವ ಲೇಪ) ಬದಲಿಸಲು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಎಸ್.ಪಿ. ರಸ್ತೆಯಂಥ ಕಡೆ ನುರಿತವರು ಸಿಗುತ್ತಾರೆ.